ಯೂರಾಲಜಿ ದಾಖಲೆ ಎಲ್ಲಿಡಬೇಕು? ಫೈಲ್, ವಾಟ್ಸ್ಆ್ಯಪ್, ಆಸ್ಪತ್ರೆ ಆ್ಯಪ್, ಆಭಾ: ಯಾವುದು ಯಾವುದಕ್ಕೆ ಸರಿ

ಕಿಡ್ನಿ ಸ್ಟೋನ್, ಪ್ರೊಸ್ಟೇಟ್ ತೊಂದರೆ, ಪದೇ ಪದೇ ಬರುವ ಉರಿಮೂತ್ರ. ಇವು ಯಾವುವೂ ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬಂದರೆ ಮುಗಿಯುವ ಕಾಯಿಲೆಗಳಲ್ಲ. ಒಮ್ಮೆ ಕಲ್ಲು ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ 10 ವರ್ಷದೊಳಗೆ ಮತ್ತೆ ಬರುತ್ತದೆ. ಪ್ರೊಸ್ಟೇಟ್ ತೊಂದರೆ ಇರುವ ಎಷ್ಟೋ ಜನ, ಪ್ರೊಸ್ಟೇಟಿನ ಸ್ಥಿತಿ ತಿಳಿಯಲು ಮಾಡುವ ರಕ್ತಪರೀಕ್ಷೆಯಾದ ಪಿಎಸ್‌ಎ ಟೆಸ್ಟನ್ನು ವರ್ಷಗಟ್ಟಲೆ ಮಾಡಿಸುತ್ತಲೇ ಇರುತ್ತಾರೆ. ಅಷ್ಟರಲ್ಲಿ ಲ್ಯಾಬ್ ಬದಲಾಗುತ್ತದೆ, ಊರು ಬದಲಾಗುತ್ತದೆ, ಡಾಕ್ಟರೂ ಬದಲಾಗುತ್ತಾರೆ. ಸ್ಕ್ಯಾನ್ ಹಾಸನದಲ್ಲಿ, ಆಪರೇಷನ್ ಮೈಸೂರಿನಲ್ಲಿ, ಆಮೇಲಿನ ಚೆಕಪ್ ಬೆಂಗಳೂರಿನಲ್ಲಿ ಮಗಳ ಮನೆ ಹತ್ತಿರ. ಇದು ನಮ್ಮಲ್ಲಿ ತೀರಾ ಸಾಮಾನ್ಯ.

ಹಾಗಾಗಿ ಯೂರಾಲಜಿಯಲ್ಲಿ ಚಿಕಿತ್ಸೆ ಎಷ್ಟು ಚೆನ್ನಾಗಿ ಆಗುತ್ತದೆ ಅನ್ನೋದು ಹಳೆಯ ಮಾಹಿತಿ ಸರಿಯಾದ ಹೊತ್ತಿಗೆ ಸರಿಯಾದವರ ಕಣ್ಣಿಗೆ ಬೀಳುತ್ತದಾ ಅನ್ನುವುದರ ಮೇಲೂ ನಿಂತಿದೆ. ಅದಕ್ಕೆ ಈಗ ನಮ್ಮ ಮುಂದೆ ನಾಲ್ಕು ದಾರಿ ಇವೆ: ಮನೆಯ ಪ್ಲಾಸ್ಟಿಕ್ ಫೈಲ್, ಫೋನಿನ ಫೋಟೋ ಮತ್ತು ವಾಟ್ಸ್ಆ್ಯಪ್, ಆಸ್ಪತ್ರೆಯದೇ ಆ್ಯಪ್, ಬೇರೆ ಬೇರೆ ಕಡೆಯ ಆರೋಗ್ಯ ದಾಖಲೆಗಳನ್ನು ಒಂದು ಸಂಖ್ಯೆಗೆ ಜೋಡಿಸುವ ಕೇಂದ್ರ ಸರ್ಕಾರದ ಆಭಾ. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಒಂದೇ ಮಾತಿನಲ್ಲಿ ಹೇಳಲು ಬರಲ್ಲ. ಸ್ಟೆಂಟಿಗೆ ಒಂದು ಸರಿ, ಸ್ಕ್ಯಾನಿಗೆ ಇನ್ನೊಂದು. ಆದ್ದರಿಂದ ಆ್ಯಪುಗಳನ್ನು ಬಿಟ್ಟು ಕಾಯಿಲೆಯ ಕಡೆಯಿಂದಲೇ ಒಂದೊಂದಾಗಿ ನೋಡೋಣ.

ಮೊದಲು ಸ್ಟೆಂಟ್, ಯಾಕಂದ್ರೆ ಇದನ್ನು ಮರೆತರೆ ಕಿಡ್ನಿಯೇ ಹೋಗಬಹುದು

ಕಲ್ಲಿನ ಆಪರೇಷನ್ ಆದಮೇಲೆ ಎಷ್ಟೋ ಸಲ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳುವಾದ ಮೆತ್ತನೆಯ ಕೊಳವೆ ಹಾಕುತ್ತಾರೆ. ಅದೇ ಡಿಜೆ ಸ್ಟೆಂಟ್. ಎರಡೂ ತುದಿ ಸುರುಳಿಯಾಗಿರುವುದರಿಂದ ಜಾರದೆ ನಿಲ್ಲುತ್ತದೆ. ತೊಂದರೆಯಿಲ್ಲದೆ ಮುಗಿದ ಆಪರೇಷನ್ ಆದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ, ಕೆಲವರಿಗೆ ಇನ್ನೂ ತಡವಾಗಿ, ತೆಗೆಯುತ್ತಾರೆ. ಮಾಮೂಲಿ ಸ್ಟೆಂಟ್ 3 ತಿಂಗಳು ಮೀರಿ ಒಳಗಿರಬಾರದು. ಹೆಚ್ಚು ಕಾಲ ಇಡಲೆಂದೇ ಮಾಡಿದವು ಬೇರೆ ಇವೆ, ಅವಕ್ಕೂ ಒಂದು ಗಡುವು ಇದ್ದೇ ಇದೆ.

ತೆಗೆಯುವುದು ಕೆಲವೇ ನಿಮಿಷದ ಕೆಲಸ. ಮರೆತರೆ ಕಥೆಯೇ ಬೇರೆ. ಸ್ಟೆಂಟಿನ ಮೇಲೆ ಮೂತ್ರದ ಲವಣ ಕಟ್ಟುತ್ತದೆ, ಸುರುಳಿಯ ಸುತ್ತ ಕಲ್ಲು ಬೆಳೆಯುತ್ತದೆ, ಸೋಂಕು ಸೇರಿಕೊಳ್ಳುತ್ತದೆ. ಆಗ ಅದನ್ನು ಹೊರತೆಗೆಯಲು ಬೆನ್ನಿನಿಂದ ಒಂದು, ಕೆಳಗಿನಿಂದ ಒಂದು ಅಂತ ಎರಡು ಮೂರು ಆಪರೇಷನ್ ಬೇಕಾಗಬಹುದು. ಕೆಲವರಿಗೆ ಕಿಡ್ನಿಯನ್ನೇ ತೆಗೆಯಬೇಕಾಗಿ ಬಂದದ್ದೂ ಉಂಟು.

ಮರೆಯುವುದಾದರೂ ಹೇಗೆ ಅನ್ನಿಸುತ್ತೆ ಅಲ್ವಾ? ಡಿಸ್ಚಾರ್ಜ್ ಸಮ್ಮರಿ ಕೈಗೆತ್ತಿಕೊಂಡು ನೋಡಿ. ಎರಡು ಪುಟ ಇಂಗ್ಲಿಷ್. ಮಧ್ಯದಲ್ಲೆಲ್ಲೋ, ಎಡಗಡೆಯ ಕಲ್ಲು ಒಡೆದು ತೆಗೆದು ಡಿಜೆ ಸ್ಟೆಂಟ್ ಹಾಕಿದೆ ಅನ್ನುವುದಕ್ಕೆ, 'ಲೆಫ್ಟ್ ಯುಆರ್‌ಎಸ್ಎಲ್ + ಡಿಜೆಎಸ್' ಅಂತ ಒಂದು ಸಾಲು. ಕೊನೆಯಲ್ಲಿ 'ರಿವ್ಯೂ ಆಫ್ಟರ್ 2 ವೀಕ್ಸ್'. ಒಳಗೊಂದು ಕೊಳವೆ ಇದೆ, ಅದನ್ನು ಇಂಥ ದಿನ ತೆಗೆಸಲೇಬೇಕು ಅಂತ ಬಿಡಿಸಿ ಹೇಳುವ ಒಂದು ಸಾಲೂ ಇಲ್ಲ. ರೋಗಿಗೆ ಕಲ್ಲು ಹೋಯಿತು, ನೋವು ಹೋಯಿತು. ಸ್ಟೆಂಟಿನಿಂದ ಕೆಲವರಿಗೆ ಪದೇ ಪದೇ ಮೂತ್ರ ಬರುತ್ತದೆ, ಸೊಂಟದ ಪಕ್ಕ ಎಳೆತ ಇರುತ್ತದೆ. ಅಂಥವರು ತಾವಾಗಿಯೇ ವಾಪಸ್ ಹೋಗುತ್ತಾರೆ. ಏನೂ ಅನ್ನಿಸದವರೇ ಮರೆಯುವುದು.

ಈಗ ನಾಲ್ಕು ದಾರಿಗಳನ್ನು ಇದಕ್ಕೆ ಹಿಡಿದು ನೋಡಿ. ಫೈಲಿನಲ್ಲಿ ಸಮ್ಮರಿ ಇರುತ್ತದೆ, ಆದರೆ ಫೈಲ್ ತಾನಾಗಿ ಎದ್ದು ಬಂದು ನೆನಪಿಸುವುದಿಲ್ಲ. ವಾಟ್ಸ್ಆ್ಯಪಿನ ಫೋಟೋ ಮದುವೆ ಆಮಂತ್ರಣ, ಗುಡ್ ಮಾರ್ನಿಂಗುಗಳ ಕೆಳಗೆ ಸೇರಿ ಹೋಗುತ್ತದೆ. ಆಭಾದಲ್ಲಿ ಸಮ್ಮರಿ ಬಂದು ಕೂತಿರಬಹುದು, ಆದರೆ ಅದರ ಮುಖ್ಯ ಕೆಲಸ ದಾಖಲೆ ಸೇರಿಸಿ ತೋರಿಸುವುದು. ನಿಮ್ಮ ಸ್ಟೆಂಟಿನ ಗಡುವನ್ನು ಅದು ಎಣಿಸುತ್ತಾ ಕೂರುವುದಿಲ್ಲ. ಆಸ್ಪತ್ರೆಯ ಸಾಫ್ಟ್‌ವೇರಿಗೆ ಮಾತ್ರ ಇಲ್ಲಿ ನಿಜವಾದ ಶಕ್ತಿ ಇದೆ. ಸ್ಟೆಂಟ್ ಹಾಕಿದ ದಿನವೇ ತೆಗೆಯುವ ದಿನವನ್ನೂ ಕಂಪ್ಯೂಟರಿಗೆ ಹಾಕಿ, ಗಡುವು ದಾಟಿದವರ ಪಟ್ಟಿ ಬೆಳಿಗ್ಗೆ ತೆರೆಯ ಮೇಲೆ ಬಂದು, ಒಬ್ಬ ನರ್ಸ್ ಕೂತು ಅವರಿಗೆಲ್ಲ ಫೋನ್ ಮಾಡಿದರೆ ಮರೆತುಹೋಗುವ ಸ್ಟೆಂಟುಗಳು ತುಂಬಾ ಕಡಿಮೆಯಾಗುತ್ತವೆ.

ಆದರೆ ಆ ಕರೆ ಯಾರ ನಂಬರಿಗೆ ಹೋಗುತ್ತದೆ? ಅಡ್ಮಿಷನ್ ದಿನ ಗಡಿಬಿಡಿಯಲ್ಲಿ ಜೊತೆಗೆ ಬಂದ ಭಾವಮೈದುನನದೋ ಪಕ್ಕದ ಮನೆಯವರದೋ ನಂಬರ್ ಬರೆಸಿರುತ್ತೇವೆ. ಮೆಸೇಜ್ ಅಲ್ಲಿಗೆ ಹೋಗುತ್ತದೆ, ಅದೂ ಇಂಗ್ಲಿಷಿನಲ್ಲಿ. ಡಿಸ್ಚಾರ್ಜ್ ಆಗುವಾಗ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು ನಂಬರ್ ಸರಿಯಾಗಿದೆಯಾ ಅಂತ ಕೇಳಿ, ಬೇಕಿದ್ದರೆ ಬದಲಾಯಿಸಿಸಿ. ಎರಡು ನಿಮಿಷ ಸಾಕು.

ಸ್ಟೆಂಟಿನ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಆಸ್ಪತ್ರೆ ನೆನಪಿಸುತ್ತೆ ಅಂತ ಕಾಯಬೇಡಿ, ನೀವೇ ಎರಡು ಕಡೆ ಗುರುತು ಹಾಕಿ. ಡಿಸ್ಚಾರ್ಜ್ ದಿನವೇ ಡಾಕ್ಟರ ಕೈಲಿ ತೆಗೆಯುವ ದಿನಾಂಕವನ್ನು ಬರೆಸಿಕೊಳ್ಳಿ. ಫೋನಿನ ಕ್ಯಾಲೆಂಡರಿನಲ್ಲಿ ಒಂದು ವಾರ ಮೊದಲು ಒಂದು, ಆ ದಿನಕ್ಕೆ ಇನ್ನೊಂದು ಅಲಾರಂ ಇಡಿ. ಮನೆಯ ಗೋಡೆ ಕ್ಯಾಲೆಂಡರಿನಲ್ಲೂ 'ಅಪ್ಪನ ಸ್ಟೆಂಟ್, ಎಡಗಡೆ' ಅಂತ ದೊಡ್ಡದಾಗಿ ಬರೆಯಿರಿ. ಎಡ ಬಲ ಬರೆಯುವುದು ಮುಖ್ಯ. ಎರಡೂ ಕಡೆ ಸ್ಟೆಂಟ್ ಹಾಕಿಸಿಕೊಂಡು ಒಂದನ್ನು ಮಾತ್ರ ತೆಗೆಸಿ ಸುಮ್ನೆ ಇದ್ದುಬಿಡುವ ಅಪಾಯವೂ ಇದೆ.

ಸಿಟಿ ಸ್ಕ್ಯಾನ್: ಫಿಲ್ಮ್, ಸಿ.ಡಿ., ಅಥವಾ ಲಿಂಕ್

ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು ಅಂತ ನಿಖರವಾಗಿ ನೋಡಲು ಕಾಂಟ್ರಾಸ್ಟ್ (ಬಣ್ಣದ ಔಷಧಿ) ಇಲ್ಲದ ಸಿಟಿ ಕೆಯುಬಿ, ಅಂದರೆ ಕಿಡ್ನಿಯಿಂದ ಮೂತ್ರಕೋಶದವರೆಗಿನ ಸ್ಕ್ಯಾನ್, ಮಾಡಿಸುತ್ತಾರೆ. ಸೆಂಟರಿನವರು ಕೊಡುವ ದೊಡ್ಡ ಕಪ್ಪು ಫಿಲ್ಮಿನಲ್ಲಿ ಇರುವುದು ಆರಿಸಿದ ಕೆಲವು ಚಿತ್ರ ಮಾತ್ರ. ಮೂಲದಲ್ಲಿ ನೂರಾರು ಚಿತ್ರಗಳಿರುತ್ತವೆ. ಅವೆಲ್ಲ ಡೈಕಾಮ್ ಅನ್ನುವ ರೂಪದಲ್ಲಿ ಸಿ.ಡಿ.ಯಲ್ಲಿರುತ್ತವೆ, ಇಲ್ಲವೇ ಈಗೀಗ ಲಿಂಕಿನಲ್ಲಿ ಬರುತ್ತವೆ.

ಡೈಕಾಮ್ ಇದ್ದರೆ ಡಾಕ್ಟರು ಕಲ್ಲನ್ನು ಮೇಲಿಂದ, ಪಕ್ಕದಿಂದ ತಿರುಗಿಸಿ ನೋಡಬಹುದು. ಅದರ ಗಟ್ಟಿತನವನ್ನೂ ಅಳೆಯಬಹುದು. ಅದನ್ನು ಎಚ್‌ಯು ಅಂತ ಹೇಳುತ್ತಾರೆ. 1000 ಎಚ್‌ಯುಗಿಂತ ಜಾಸ್ತಿ ಇರುವ ಕಲ್ಲು ಹೊರಗಿನಿಂದ ತರಂಗ ಹಾಯಿಸಿ ಒಡೆಯುವ ಇಎಸ್‌ಡಬ್ಲ್ಯುಎಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಅಂದರೆ ಯಾವ ಆಪರೇಷನ್ ಅನ್ನುವ ತೀರ್ಮಾನವೇ ಇದರ ಮೇಲೆ ಬದಲಾಗಬಹುದು. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ಫೋಟೋದಲ್ಲಿ ಇದ್ಯಾವುದೂ ಸಿಗಲ್ಲ. ಇನ್ನೊಂದು ಅಪಾಯ: ಫಿಲ್ಮನ್ನು ಹಿಂಬದಿಯಿಂದ ಫೋಟೋ ತೆಗೆದರೆ ಎಡ ಬಲ ಅದಲುಬದಲಾಗುತ್ತದೆ. ಎರಡು ಕಿಡ್ನಿ ಇರುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ.

ಹಾಗಾಗಿ ಇಲ್ಲಿ ಗೆಲ್ಲುವುದು ಸಿ.ಡಿ. ಅಥವಾ ಲಿಂಕಿನಿಂದ ಇಳಿಸಿಕೊಂಡ ಪೂರ್ತಿ ಫೋಲ್ಡರ್. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ, ಅದಕ್ಕೆ ಸ್ಕ್ಯಾನ್ ಸೆಂಟರಿನಲ್ಲೇ ಪೆನ್‌ಡ್ರೈವಿಗೆ ಹಾಕಿಕೊಡಿ ಅಂತ ಕೇಳಿ. ಲಿಂಕ್ ಕೊಟ್ಟರೆ ಅದೇ ದಿನ ಇಳಿಸಿಕೊಳ್ಳಿ, ಎಷ್ಟೋ ಲಿಂಕುಗಳು ಸ್ವಲ್ಪ ದಿನಕ್ಕೆ ಕೆಲಸ ಮಾಡುವುದಿಲ್ಲ. ಆಮೇಲೆ ಇಡೀ ಫೋಲ್ಡರನ್ನು ಜಿಪ್ ಮಾಡಿ ಗೂಗಲ್ ಡ್ರೈವಿನಂಥ ಆನ್‌ಲೈನ್ ಜಾಗಕ್ಕೆ ಹಾಕಿ. ಆಭಾವನ್ನು ನಂಬಿಕೊಂಡು ಸ್ಕ್ಯಾನಿನ ಚಿತ್ರ ಬಿಟ್ಟುಬಿಡಬೇಡಿ. ಅಲ್ಲಿಗೆ ಸಾಮಾನ್ಯವಾಗಿ ಬರುವುದು ರೇಡಿಯಾಲಜಿಸ್ಟ್ ಬರೆದ ರಿಪೋರ್ಟ್.

ಯೂರೋಫ್ಲೋ ಟೆಸ್ಟ್ ಮಾಡಿಸಿದವರಿಗೆ ಒಂದು ಮಾತು. ಮೂತ್ರದ ವೇಗ ತೋರಿಸುವ ಆ ಗ್ರಾಫ್ ಬಹಳ ಕಡೆ ಥರ್ಮಲ್ ಪೇಪರಿನಲ್ಲಿ ಬರುತ್ತದೆ, ಬಸ್ ಟಿಕೆಟ್ ಥರದ್ದು. ಅಲ್ಟ್ರಾಸೌಂಡಿನ ಚಿತ್ರವೂ ಹಾಗೇ. ಫೈಲಿನಲ್ಲಿಟ್ಟರೆ ಕ್ರಮೇಣ ಮಸುಕಾಗಿ ಬಿಳಿ ಕಾಗದವಾಗುತ್ತದೆ. ಇಲ್ಲಿ ಮಾತ್ರ ಫೋನಿನ ಫೋಟೋನೇ ಎಲ್ಲಕ್ಕಿಂತ ಮೇಲು, ಅದೂ ಅದೇ ದಿನ ತೆಗೆದದ್ದು. ಫೋಟೋದಲ್ಲಿ ಎಷ್ಟು ಎಂ.ಎಲ್. ಮೂತ್ರ ಹೋಯಿತು ಅನ್ನುವ ಅಂಕಿಯೂ ಬರಲಿ. 150 ಎಂ.ಎಲ್.ಗಿಂತ ಕಡಿಮೆ ಹೋಗಿದ್ದರೆ ಆ ಗ್ರಾಫಿಗೆ ಹೆಚ್ಚು ಬೆಲೆ ಇಲ್ಲ, ಡಾಕ್ಟರು ಅದನ್ನೇ ಮೊದಲು ನೋಡುತ್ತಾರೆ.

ಪಿಎಸ್‌ಎ: ಕೆಂಪು ಗುರುತು ಇಲ್ಲ ಅಂದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ

ಕಂಪ್ಯೂಟರ್ ಮೇಲೆ ಪೂರ್ತಿ ಭರವಸೆ ಇಡಬಾರದ ಜಾಗ ಇದು. ಒಂದು ಉದಾಹರಣೆ ಹೇಳುತ್ತೇನೆ. ಒಬ್ಬರ ಪಿಎಸ್‌ಎ 6.2 ಇತ್ತು ಅಂದುಕೊಳ್ಳಿ. ಸಣ್ಣ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಪ್ರೊಸ್ಟೇಟ್ ದೊಡ್ಡದಾಗಿದೆ ಅಂತ ಡುಟಾಸ್ಟರೈಡ್ ಮಾತ್ರೆ ಶುರುಮಾಡಿದರು. ಈ ಮಾತ್ರೆ, ಹಾಗೆಯೇ ಫಿನಾಸ್ಟರೈಡ್, ಸುಮಾರು 6 ತಿಂಗಳಲ್ಲಿ ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತದೆ. ಆಗ 3.0 ಬಂತು. ಸರಿಯಾಗೇ ಇದೆ. ಇನ್ನೊಂದು ವರ್ಷ ಬಿಟ್ಟು ಬೇರೆ ಊರಿನ ಲ್ಯಾಬಿನಲ್ಲಿ ಮಾಡಿಸಿದಾಗ 3.9. ಲ್ಯಾಬಿನ ಸಾಫ್ಟ್‌ವೇರಿನಲ್ಲಿ ಮಿತಿ 4 ಅಂತ ಇರುತ್ತದೆ. ಕೆಂಪು ಗುರುತಿಲ್ಲ, ಸ್ಟಾರ್ ಇಲ್ಲ, 'ನಾರ್ಮಲ್'. ಮನೆಯವರು ನೆಮ್ಮದಿಯಾಗುತ್ತಾರೆ.

ಆದರೆ ಮಾತ್ರೆ ತಗೊಳ್ಳುವವರ ಅಂಕಿಯನ್ನು ಎರಡರಿಂದ ಗುಣಿಸಿ ನೋಡಬೇಕು. 3.0 ಅಂದರೆ 6.0, 3.9 ಅಂದರೆ 7.8. ಇಳಿದ ಮೇಲೆ ಮತ್ತೆ ಏರುತ್ತಿದೆ. ಡಾಕ್ಟರಿಗೆ ಗೊತ್ತಾಗಬೇಕಾದ ವಿಷಯ ಇದೇ, ಆದರೆ ಕೈಯಲ್ಲಿರುವ ಒಂದೇ ಒಂದು ಹಾಳೆ ಅದನ್ನು ಹೇಳುವುದಿಲ್ಲ.

ಒಂದೇ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ತೋರಿಸುವವರಿಗೆ ಆಸ್ಪತ್ರೆ ಆ್ಯಪ್ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಹಳೆಯ ಅಂಕಿಗಳನ್ನು ಗ್ರಾಫ್ ಆಗಿ ತೋರಿಸುವ ಆ್ಯಪುಗಳಿವೆ. ಲ್ಯಾಬೂ ಅದೇ ಇರುವುದರಿಂದ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬಹುದು, ಬೇರೆ ಬೇರೆ ಯಂತ್ರದ ಪಿಎಸ್‌ಎ ಸ್ವಲ್ಪ ಹೆಚ್ಚುಕಡಿಮೆ ಬರುವುದುಂಟು. ಆದರೆ ಹೊರಗಿನ ರಿಪೋರ್ಟ್ ಆ ಗ್ರಾಫಿನೊಳಗೆ ಸೇರುವುದಿಲ್ಲ.

ಊರೂರು ತಿರುಗುವವರಿಗೆ ನಾನು ಹೇಳುವುದು ಹಳೆಯ ದಾರಿ: ಒಂದು ನೋಟ್‌ಬುಕ್. ನಾಲ್ಕು ಕಾಲಂ. ದಿನಾಂಕ, ಪಿಎಸ್‌ಎ, ಲ್ಯಾಬಿನ ಹೆಸರು, ಆಗ ನಡೆಯುತ್ತಿದ್ದದ್ದು. ಕೊನೆಯ ಕಾಲಂ ಮರೆಯಬೇಡಿ. ಡುಟಾಸ್ಟರೈಡ್ ಶುರುವಾದ ದಿನ, ಮೂತ್ರ ಕಟ್ಟಿ ಕ್ಯಾಥೆಟರ್ ಹಾಕಿದ್ದು, ಸೋಂಕು ಆಗಿದ್ದು. ಇವೆಲ್ಲ ಪಿಎಸ್‌ಎಯನ್ನು ಏರಿಳಿಸುತ್ತವೆ. ಈ ಒಂದು ಪುಟ ಕೊಟ್ಟರೆ ಡಾಕ್ಟರು ಅರ್ಧ ನಿಮಿಷದಲ್ಲಿ ಇಡೀ ಕಥೆ ಹಿಡಿಯುತ್ತಾರೆ. ಎಷ್ಟೇ ಒಳ್ಳೆಯ ಆ್ಯಪ್ ಬಂದರೂ ಈ ಪುಟವನ್ನು ನಾನು ಬಿಡಲ್ಲ.

ಉರಿಮೂತ್ರ ಪದೇ ಪದೇ ಆಗುವವರಿಗೆ ಕಲ್ಚರ್ ರಿಪೋರ್ಟ್ ಹೀಗೇ ಮುಖ್ಯ. ಯಾವ ಬ್ಯಾಕ್ಟೀರಿಯಾ, ಯಾವ ಆ್ಯಂಟಿಬಯಾಟಿಕ್ ಅದರ ಮೇಲೆ ಕೆಲಸ ಮಾಡುವುದಿಲ್ಲ ಅಂತ ಅದರಲ್ಲಿರುತ್ತದೆ. ಹಳೆಯದು ಕೈಲಿಲ್ಲದಿದ್ದರೆ ಹೋದ ಸಲ ಕೆಲಸ ಮಾಡದ ಮಾತ್ರೆಯನ್ನೇ ಮತ್ತೆ ಬರೆದುಕೊಡುವ ಸಾಧ್ಯತೆ ಇದೆ. ಇದಕ್ಕೆ ಪಿಡಿಎಫ್ ಸಾಕು, ವಾಟ್ಸ್ಆ್ಯಪಿನಲ್ಲಿ ನಿಮಗೆ ನೀವೇ ಕಳಿಸಿಕೊಂಡು ಸ್ಟಾರ್ ಹಾಕಿಟ್ಟರೂ ನಡೆಯುತ್ತದೆ. ಫೋಟೋ ಕಳಿಸುವುದಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಇಲ್ಲದಿದ್ದರೆ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ.

ಆಭಾ ಏನು ಮಾಡುತ್ತೆ, ಏನು ಮಾಡಲ್ಲ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾಯಿತು. ಅದರಡಿ ಸಿಗುವ 14 ಅಂಕಿಯ ಸಂಖ್ಯೆಯೇ ಆಭಾ. ಆಧಾರ್ ಇದ್ದರೆ ಫೋನಿನಲ್ಲೇ ಮಾಡಿಕೊಳ್ಳಬಹುದು, ದುಡ್ಡಿಲ್ಲ, ಕಡ್ಡಾಯವೂ ಅಲ್ಲ. ತುಂಬಾ ಜನ ಇದನ್ನು ಆಯುಷ್ಮಾನ್ ಕಾರ್ಡ್ ಅಂದುಕೊಳ್ಳುತ್ತಾರೆ. ಉಚಿತ ಚಿಕಿತ್ಸೆಗೆ ಇರುವುದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡ್. ಆಭಾ ತೋರಿಸಿದರೆ ಆಪರೇಷನ್ ಬಿಲ್ ಕಡಿಮೆಯಾಗಲ್ಲ.

ಇದರ ಒಳ್ಳೆಯ ಗುಣ ಏನಂದರೆ ದಾಖಲೆಗಳೆಲ್ಲ ಒಂದೇ ಸರ್ಕಾರಿ ಕಂಪ್ಯೂಟರಿನಲ್ಲಿ ಗುಡ್ಡೆ ಬೀಳುವುದಿಲ್ಲ. ಹಾಸನದ ಲ್ಯಾಬಿನದು ಅಲ್ಲೇ ಇರುತ್ತದೆ, ಮೈಸೂರಿನ ಆಸ್ಪತ್ರೆಯದು ಅಲ್ಲೇ ಇರುತ್ತದೆ. ಬೆಂಗಳೂರಿನ ಡಾಕ್ಟರು ಕೇಳಿದಾಗ ನೀವು ಒಪ್ಪಿದರೆ ಮಾತ್ರ ಅವರ ತೆರೆಗೆ ಬರುತ್ತವೆ. ಯಾವ ಥರದ ದಾಖಲೆ, ಯಾವ ದಿನದಿಂದ ಯಾವ ದಿನದವರೆಗಿನದು, ಎಷ್ಟು ದಿನ ನೋಡಬಹುದು ಅಂತ ನೀವೇ ಮಿತಿ ಹಾಕಬಹುದು, ಕೊಟ್ಟ ಒಪ್ಪಿಗೆ ಹಿಂದೆಗೆದುಕೊಳ್ಳಲೂಬಹುದು. ಯೂರಾಲಜಿ ರೋಗಿಗೆ ಬೇಕಾದದ್ದು ನಿಜಕ್ಕೂ ಇದೇ.

ಆದರೆ ಆ ಮೂರೂ ಕಡೆಯ ಸಾಫ್ಟ್‌ವೇರ್ ಈ ಜಾಲಕ್ಕೆ ಸೇರಿರಬೇಕು. ಒಂದು ಕಡೆ ಕೈಬರಹದ ಚೀಟಿ ಕೊಟ್ಟರೂ ಕೊಂಡಿ ಅಲ್ಲೇ ಕಡಿಯುತ್ತದೆ. ನೋಂದಣಿ ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಕೊಟ್ಟ ಮಾತ್ರಕ್ಕೆ ರಿಪೋರ್ಟ್ ಬಂದು ಸೇರುತ್ತದೆ ಅಂತಲೂ ಇಲ್ಲ. ಡಿಸ್ಚಾರ್ಜ್ ದಿನ 'ಸಮ್ಮರಿಯನ್ನು ಆಭಾಗೆ ಲಿಂಕ್ ಮಾಡಿದ್ದೀರಾ' ಅಂತ ಕೇಳಿ, ಫೋನಿನಲ್ಲಿ ಬಂದಿದೆಯಾ ಅಂತ ಅಲ್ಲೇ ನೋಡಿ. ಬರದಿದ್ದರೆ ಪೇಪರ್ ಕಾಪಿ ತಗೊಳ್ಳದೆ ಹೊರಡಬೇಡಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. 3 ವರ್ಷ ಅನ್ನುವುದನ್ನು ಗಮನಿಸಿ. ಕಲ್ಲು ಮತ್ತೆ ಬರುವುದು ಎಷ್ಟೋ ಸಲ ಅದಾದಮೇಲೇ.

ಕ್ಲಿನಿಕ್ ನಡೆಸುವ ಯೂರಾಲಜಿಸ್ಟರಿಗೆ

ಜಿಲ್ಲಾ ಊರುಗಳಲ್ಲಿ ಹತ್ತಿಪ್ಪತ್ತು ಹಾಸಿಗೆಯ ಆಸ್ಪತ್ರೆ ನಡೆಸುವವರಿಗೂ ಈ ಆಯ್ಕೆ ಎದುರಾಗುತ್ತದೆ. ಬಿಲ್ಲಿಂಗಿಗೆ ಚೆನ್ನಾಗಿರುವ ಸಾಫ್ಟ್‌ವೇರ್ ಬೇರೆ, ರೋಗಿಗೆ ಒಳ್ಳೆಯದು ಮಾಡುವುದು ಬೇರೆ. ಮಾರಲು ಬಂದವರನ್ನು ಮೂರು ವಿಷಯ ಕೇಳಿ. ಸ್ಟೆಂಟ್ ತೆಗೆಯುವ ದಿನಾಂಕ ತುಂಬದೆ ಡಿಸ್ಚಾರ್ಜ್ ಮಾಡಲು ಬರದ ಹಾಗೆ ಮಾಡಬಹುದಾ? ಎಡ ಬಲ ಅನ್ನುವುದನ್ನು ಖಾಲಿ ಬಿಡಲಾಗದ ಜಾಗವಾಗಿ ಇಡಬಹುದಾ? ನಾಳೆ ಬೇರೆ ಸಾಫ್ಟ್‌ವೇರಿಗೆ ಹೋದರೆ ನಮ್ಮ ರೋಗಿಗಳ ಮಾಹಿತಿ ಪೂರ್ತಿ ವಾಪಸ್ ಕೊಡುತ್ತೀರಾ? ಮೂರಕ್ಕೂ ತಡಬಡಿಸಿದರೆ ಸ್ಟೆಂಟುಗಳ ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ ಇಟ್ಟುಕೊಂಡರೂ ವಾಸಿ.

ಹಿಂದಿನ ಸಲದ ಟಿಪ್ಪಣಿಯನ್ನು ಕಾಪಿ ಪೇಸ್ಟ್ ಮಾಡುವ ಸೌಲಭ್ಯದ ಬಗ್ಗೆ ಎಚ್ಚರ ಇರಲಿ. ತೆಗೆದಾಗಿರುವ ಸ್ಟೆಂಟ್ 'ಒಳಗಿದೆ' ಅಂತಲೇ ತಿಂಗಳುಗಟ್ಟಲೆ ದಾಖಲೆಯಲ್ಲಿ ಉಳಿಯುವುದು ಹೀಗೆ.

ಕಂಪ್ಯೂಟರಿನಿಂದ ಚಿಕಿತ್ಸೆ ನಿಜವಾಗಿ ಸುಧಾರಿಸಿದ ಒಂದು ಕಡೆ ಅಮೆರಿಕದ ಮಿಷಿಗನ್. ಡಿಜಿಟಲ್ ದಾಖಲೆಗೆ ಪ್ರೋತ್ಸಾಹ ಕೊಟ್ಟ ಅಮೆರಿಕದ 2009ರ ಕಾನೂನಿನ ನಂತರ ಆ ದೇಶದಲ್ಲಿ ಹೆಚ್ಚಿನ ಕಡೆ ಡಿಜಿಟಲ್ ದಾಖಲೆ ಬಂತು. ಆದರೆ ಫಲ ಕಾಣಿಸಿದ್ದು ಮಿಷಿಗನ್ ರಾಜ್ಯದ ಯೂರಾಲಜಿಸ್ಟರು ತಮ್ಮ ಮಾಹಿತಿಯನ್ನು ಒಟ್ಟಿಗೆ ಹಾಕಿ ನೋಡಿದಾಗ. ಮ್ಯೂಸಿಕ್ ಅನ್ನುವುದು ಆ ಒಕ್ಕೂಟದ ಹೆಸರು. ಪ್ರೊಸ್ಟೇಟ್ ಬಯಾಪ್ಸಿ ಆದಮೇಲೆ ಸೋಂಕಿನಿಂದ ಆಸ್ಪತ್ರೆ ಸೇರುವವರು ಎಷ್ಟು ಅಂತ ಲೆಕ್ಕ ಹಾಕಿದರು, ಮುಂಚೆ ಕೊಡುವ ಆ್ಯಂಟಿಬಯಾಟಿಕ್ಕಿನ ಕ್ರಮ ಬದಲಿಸಿದರು, ಆ ಸಂಖ್ಯೆ ಇಳಿಯಿತು. ನಮ್ಮ ಒಂದು ಜಿಲ್ಲೆಯ ನಾಲ್ಕು ಯೂರಾಲಜಿಸ್ಟರು ಸೇರಿ ಬರೀ ಸ್ಟೆಂಟುಗಳ ಲೆಕ್ಕ ಇಟ್ಟರೂ ಅದೇ ಥರದ ಕೆಲಸ ಶುರುವಾದ ಹಾಗೆ.

ಯಾರು ನೋಡಬಹುದು ಅನ್ನುವ ಪ್ರಶ್ನೆ

ಯೂರಾಲಜಿಯಲ್ಲಿ ಬರೀ ಕಲ್ಲು, ಪ್ರೊಸ್ಟೇಟ್ ಇಲ್ಲ. ಮಕ್ಕಳಾಗದ ತೊಂದರೆಯ ವೀರ್ಯ ಪರೀಕ್ಷೆ, ಲೈಂಗಿಕ ಸಮಸ್ಯೆ, ಮೂತ್ರ ಸೋರುವುದು. ಇವು ಮನೆಯವರ ಎದುರೂ ಹೇಳಿಕೊಳ್ಳಲು ಕಷ್ಟವಾದ ವಿಷಯಗಳು. ಇಂಥ ರಿಪೋರ್ಟ್ ವಾಟ್ಸ್ಆ್ಯಪಿನಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಒಂದು ತಪ್ಪು ಫಾರ್ವರ್ಡ್ ಸಾಕು. ಗ್ಯಾಲರಿಯ ಫೋಟೋ ಕೂಡ ಮಕ್ಕಳು ಫೋನ್ ಹಿಡಿದಾಗ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಬೀಗ ಇರುವ ಕಪಾಟಿನ ಪೇಪರ್ ಅಥವಾ ಪಾಸ್‌ವರ್ಡ್ ಇರುವ ಆಸ್ಪತ್ರೆ ಆ್ಯಪ್ ವಾಸಿ.

ಆಭಾ ಬಳಸುವುದಾದರೆ ನಿಮ್ಮದೇ ನಂಬರಿಗೆ ಜೋಡಿಸಿ. ಮನೆಯ ನಾಲ್ಕೈದು ಜನರ ಆಭಾ ಒಂದೇ ಮೊಬೈಲಿಗೆ ಸೇರಿಸಿದ್ದರೆ ಆ ಫೋನ್ ಹಿಡಿದವರಿಗೆ ಎಲ್ಲರದೂ ತೆರೆದುಕೊಳ್ಳಬಹುದು. ಫೋನ್ ಬಳಸಲು ಬಾರದ ಹಿರಿಯರದ್ದನ್ನು ಮಗನೋ ಮಗಳೋ ನೋಡಿಕೊಳ್ಳುವುದು ಅನಿವಾರ್ಯ. ಆಗ ಅಪ್ಪನನ್ನೋ ಅಮ್ಮನನ್ನೋ ಒಂದು ಮಾತು ಕೇಳಿಯೇ ಮಾಡಿ, ಯಾವ ರಿಪೋರ್ಟ್ ಯಾರಿಗೆ ತೋರಿಸುತ್ತಿದ್ದೀರಿ ಅಂತಲೂ ಹೇಳಿ. ಕೌಂಟರಿನಲ್ಲಿ ಯಾರಾದರೂ 'ಒಟಿಪಿ ಹೇಳಿ ಸರ್' ಅಂದರೆ ಯಾವುದಕ್ಕೆ ಅಂತ ಮೊದಲು ಕೇಳಿ. ದಾಖಲೆ ನೋಡಲು ಒಪ್ಪಿಗೆ ಕೋರಿದ್ದರೆ ಆ ಕೋರಿಕೆ ನಿಮ್ಮ ಆ್ಯಪಿನಲ್ಲೇ ಕಾಣಿಸುತ್ತದೆ. ಎಷ್ಟು ದಿನಕ್ಕೆ, ಏನೇನಕ್ಕೆ ಅಂತ ಓದಿ, ಬೇಡದ್ದನ್ನು ತೆಗೆದು ಆಮೇಲೆ ಒಪ್ಪಿಗೆ ಒತ್ತಿ.